ಹೋಸ್ ಹಿಡಿಯದ ಅಧಿಕಾರಿ

(ಅಗ್ನಿಶಾಮಕ ಠಾಣಾಧಿಕಾರಿಯಾಗಿ ದುಡಿದು ನಿವೃತ್ತರಾದ ಹಿರಿಯರೊಬ್ಬರು. ತರಬೇತಿ ಮುಗಿಸಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಹೊಸದಾಗಿ ಬಂದಿರುವ ಕಿರಿಯ ಅಧಿಕಾರಿಯೊಬ್ಬರು. ಮಾತು ನಡೆದದ್ದು ಶಿಡ್ಲಘಟ್ಟದಲ್ಲಿ, ಹಿರಿಯರ ಮನೆಯ ಜಗುಲಿಯಲ್ಲಿ.)

ಕಿರಿಯ: ಸಾರ್, ಪಂಪು, ಏಣಿ, ಗಂಟು, ಉಸಿರಾಟದ ಬಿಎ ಸೆಟ್ಟು ಎಲ್ಲ ಕಲಿಸಿ ಕಳಿಸಿದ್ದಾರೆ. ಕೈ ಪಳಗಿದೆ. ಆದರೆ ಗಾಡಿ ಬೆಂಕಿಯ ಮುಂದೆ ನಿಂತ ತಕ್ಷಣ ಹುಡುಗರೆಲ್ಲ ಇಳಿದು ನನ್ನ ಮುಖ ನೋಡುತ್ತಾರೆ. ಆಗ ಮೊದಲು ಏನು ಮಾಡಬೇಕು?

ಹಿರಿಯ: ಹೋಸ್ ಹಿಡಿಯಬೇಡ. ಏಣಿಗೂ ಕೈ ಹಾಕಬೇಡ. ಹುಡುಗರಿಗೆ ಹೋಸ್ ಬಿಚ್ಚಲು ಹೇಳಿ, ನೀನು ಕಟ್ಟಡದ ಸುತ್ತ ಒಂದು ಸುತ್ತು ಬಾ. ನಮ್ಮ ಊರುಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿರುತ್ತದೆ, ಸುತ್ತಲು ಆಗುವುದಿಲ್ಲ. ಹಾಗಿದ್ದರೆ ಪಕ್ಕದ ಮನೆಯ ಮಾಳಿಗೆ ಹತ್ತು, ಹಿಂದಿನ ಓಣಿಗೆ ಒಬ್ಬನನ್ನು ಓಡಿಸು. ಮುಂಬಾಗಿಲಿನ ಬೆಂಕಿ ಮಾತ್ರ ನೋಡಿ ತೀರ್ಮಾನ ಮಾಡಿದರೆ ಹಿಂದಿನ ಕಿಟಕಿಯಲ್ಲಿ ಕೈ ಬೀಸುತ್ತಿರುವ ಹೆಂಗಸು ಕಾಣುವುದೇ ಇಲ್ಲ.

ಕಿರಿಯ: ಅಲ್ಲಿ ನೂರಾರು ಜನ ಸೇರಿರುತ್ತಾರೆ ಸಾರ್. ಬಂದ ಅಧಿಕಾರಿ ನೀರು ಬಿಡದೆ ಸುತ್ತು ಹೊಡೆಯುತ್ತಿದ್ದಾನೆ ಎಂದರೆ ಸುಮ್ಮನಿರುತ್ತಾರೆಯೇ? ಈಗ ಎಲ್ಲರ ಕೈಯಲ್ಲೂ ಮೊಬೈಲ್ ಬೇರೆ.

ಹಿರಿಯ: ಬೈಯುತ್ತಾರೆ. ಅವರ ಮನೆ ಸುಡುತ್ತಿದೆ, ಬೈಯಲು ಅವರಿಗೆ ಹಕ್ಕಿದೆ. ಆ ಬೈಗುಳಕ್ಕೆ ಹೆದರಿ ನೀನು ನೀರು ಬಿಟ್ಟರೆ ಅದು ಜನರಿಗೆ ತೋರಿಸಲು ಬಿಟ್ಟ ನೀರು. ಸುತ್ತಿ ಬರಲು ಒಂದು ನಿಮಿಷ, ಹೆಚ್ಚೆಂದರೆ ಎರಡು. ಅಷ್ಟರಲ್ಲಿ ಹುಡುಗರು ಹೋಸ್ ಹಾಸಿ ಮುಗಿಸಿರುತ್ತಾರೆ, ಹಾಗಾಗಿ ಸಮಯವೂ ಹಾಳಾಗುವುದಿಲ್ಲ. ಸುತ್ತುವಾಗಲೇ ಮನೆಯವರನ್ನು ಕೇಳು: ಒಳಗೆ ಯಾರಿದ್ದಾರೆ, ಒಳಗೆ ಏನಿದೆ, ಹತ್ತಿರ ನೀರು ಎಲ್ಲಿದೆ. ಚಿಂತಾಮಣಿ, ಗೌರಿಬಿದನೂರು ಕಡೆ ತೆಲುಗಿನಲ್ಲೂ ಕೇಳು. ಸಂಕಟದಲ್ಲಿ ಮನುಷ್ಯನ ಬಾಯಿಗೆ ಬರುವುದು ಮನೆಮಾತು.

ಕಿರಿಯ: ಹೊಗೆಯನ್ನೂ ನೋಡಬೇಕು ಎಂದು ಪಾಠದಲ್ಲಿತ್ತು.

ಹಿರಿಯ: ಜ್ವಾಲೆಗಿಂತ ಹೊಗೆಯನ್ನೇ ಹೆಚ್ಚು ನೋಡು. ತೆಳ್ಳಗೆ, ನಿಧಾನವಾಗಿ ಬರುತ್ತಿದ್ದರೆ ನಿನಗಿನ್ನೂ ಹೊತ್ತಿದೆ. ದಟ್ಟವಾಗಿ, ಕಪ್ಪಾಗಿ, ಯಾರೋ ಒಳಗಿಂದ ನೂಕಿದ ಹಾಗೆ ಬರುತ್ತಿದ್ದರೆ ಆ ಕೋಣೆಯಲ್ಲಿರುವುದೆಲ್ಲ ಒಮ್ಮೆಲೇ ಹೊತ್ತಿಕೊಳ್ಳಲು ಸಿದ್ಧವಾಗಿದೆ ಎಂದು ತಿಳಿ. ಬಾಗಿಲು ಕಿಟಕಿ ಮುಚ್ಚಿದ್ದು, ಗಾಜು ಕಂದುಬಣ್ಣಕ್ಕೆ ತಿರುಗಿ, ಸಂದಿಯಲ್ಲಿ ಹೊಗೆ ಹೊರಗೆ ಬಂದು ಮತ್ತೆ ಒಳಗೆ ಎಳೆದುಕೊಳ್ಳುತ್ತಿದ್ದರೆ ಒಳಗೆ ಗಾಳಿಯಿಲ್ಲದೆ ಬೆಂಕಿ ಕುದಿಯುತ್ತಿದೆ. ಆ ಬಾಗಿಲನ್ನು ಎದುರಿಗೆ ನಿಂತು ತೆಗೆದವನು ಉಳಿಯುವುದು ಕಷ್ಟ. ಮೇಲಿನಿಂದ ಹೊಗೆಗೆ ದಾರಿ ಮಾಡಿಕೊಟ್ಟ ಮೇಲೆಯೇ ಬಾಗಿಲಿನ ಮಾತು.

ಕಿರಿಯ: ಸುತ್ತಿ ಬಂದ ಮೇಲೆ?

ಹಿರಿಯ: ವಾಕಿಟಾಕಿ ತೆಗೆದು ಮೂರು ಸಂಗತಿ ಹೇಳು. ಏನು ಕಾಣುತ್ತಿದೆ, ನೀನು ಏನು ಮಾಡುತ್ತಿದ್ದೀಯ, ನಿನಗೆ ಇನ್ನೇನು ಬೇಕು. ಜೊತೆಗೆ, ಇಲ್ಲಿ ಕಮಾಂಡ್ ನನ್ನದು ಎಂದು ಸ್ಪಷ್ಟವಾಗಿ ಹೇಳು. ಅಲ್ಲಿಂದ ಮುಂದೆ ಆ ಜಾಗದಲ್ಲಿ ನಡೆಯುವುದಕ್ಕೆಲ್ಲ ನೀನು ಹೊಣೆ. ಎಲ್ಲರಿಗೂ ಕಾಣುವ ಹಾಗೆ, ಬೆಂಕಿಯಿಂದ ದೂರ, ಎರಡು ಬದಿಯಾದರೂ ಕಾಣುವ ಕಡೆ ನಿಲ್ಲು. ಆಮೇಲೆ ಆ ಜಾಗ ಬಿಟ್ಟು ಅಲೆದಾಡಬೇಡ. ನಿನ್ನನ್ನು ಹುಡುಕುವುದರಲ್ಲೇ ಹುಡುಗರ ಹೊತ್ತು ಹೋಗಬಾರದು.

ಕಿರಿಯ: ಇಲ್ಲೇ ನನ್ನ ತಕರಾರು ಸಾರ್. ಅಮೆರಿಕದ ಪುಸ್ತಕದಲ್ಲಿ ಇದನ್ನು ಓದಲು ಚೆನ್ನಾಗಿದೆ. ಅಲ್ಲಿ ಒಂದು ಬೆಂಕಿಗೆ ನಾಲ್ಕೈದು ಗಾಡಿ ಬರುತ್ತವೆ. ನಮ್ಮ ಒಂದು ಗಾಡಿಯಲ್ಲಿ ಚಾಲಕನೂ ಸೇರಿ ಐದಾರು ಜನ. ಒಬ್ಬ ಪಂಪಿನ ಹತ್ತಿರ, ಇಬ್ಬರು ಹೋಸಿನ ತುದಿಯ ಬ್ರಾಂಚಿನಲ್ಲಿ. ನಾನು ಕೈಕಟ್ಟಿ ನಿಂತರೆ ಏಣಿಗೆ ಜನವೇ ಇಲ್ಲ.

ಹಿರಿಯ: ಸರಿಯಾದ ತಕರಾರು. ಇದಕ್ಕೆ ಒಂದು ವಿನಾಯಿತಿ ಇದೆ. ಕಿಟಕಿಯಲ್ಲಿ ಜೀವ ಕಾಣುತ್ತಿದ್ದು, ನಿನ್ನ ಎರಡು ಕೈ ಸೇರಿದರೆ ಅದು ಉಳಿಯುತ್ತದೆ ಎಂದರೆ ಹೋಗು. ಆಗ ಕಮಾಂಡನ್ನು ಪಂಪಿನ ಹತ್ತಿರ ಇರುವವನಿಗೆ ಬಾಯಿಬಿಟ್ಟು ಒಪ್ಪಿಸಿ ಹೋಗು, ಎರಡನೇ ಗಾಡಿಯ ಅಧಿಕಾರಿ ಬಂದ ಕೂಡಲೇ ಅವರಿಗೆ ಕೊಡು. ಉಳಿದ ಎಲ್ಲ ಬೆಂಕಿಯಲ್ಲೂ ನಿನ್ನ ಎರಡು ಕೈಗಿಂತ ನಿನ್ನ ಕಣ್ಣು ಹೆಚ್ಚು ಕೆಲಸಕ್ಕೆ ಬರುತ್ತದೆ. ಬ್ರಾಂಚ್ ಹಿಡಿದವನಿಗೆ ಅದರ ಮುಂದಿನ ಹತ್ತಡಿ ಮಾತ್ರ ಕಾಣುತ್ತದೆ. ಮಾಳಿಗೆ ಬಾಗುತ್ತಿರುವುದು, ಗಾಳಿ ತಿರುಗಿದ್ದು, ಪಕ್ಕದ ಮನೆಯ ಸೂರಿಗೆ ಕಿಡಿ ಬಿದ್ದದ್ದು, ಟ್ಯಾಂಕಿನಲ್ಲಿ ನೀರು ಕಾಲುಭಾಗಕ್ಕೆ ಇಳಿದದ್ದು, ಇದನ್ನೆಲ್ಲ ನೋಡಲು ಒಬ್ಬ ಬೇಡವೇ? ಜನ ಕಡಿಮೆ ಇದ್ದಷ್ಟೂ ಹಾಗೆ ನೋಡುವವನು ಹೆಚ್ಚು ಬೇಕು, ಯಾಕೆಂದರೆ ನಿನಗೆ ಎರಡನೇ ಅವಕಾಶ ಇಲ್ಲ.

ಕಿರಿಯ: ನೀರಿನ ಮಾತು ಬಂತು. ನಮ್ಮ ಜಿಲ್ಲೆಯಲ್ಲಿ ಅದೇ ದೊಡ್ಡ ಚಿಂತೆ.

ಹಿರಿಯ: ನಮ್ಮ ಜಿಲ್ಲೆಯ ಯುದ್ಧತಂತ್ರವನ್ನು ನಿರ್ಧರಿಸುವುದೇ ಅದು. ಲೆಕ್ಕ ಹಾಕೋಣ, ಹೇಳು. ಜಲವಾಹನದಲ್ಲಿ ಎಷ್ಟು ನೀರು?

ಕಿರಿಯ: ಸಾಮಾನ್ಯವಾಗಿ 4,500 ಲೀಟರ್.

ಹಿರಿಯ: 63 ಮಿಲಿಮೀಟರ್ ಹೋಸಿಗೆ ಬ್ರಾಂಚ್ ಹಾಕಿ ಒಂದು ಧಾರೆ ಬಿಟ್ಟರೆ, ನಳಿಕೆ ಮತ್ತು ಒತ್ತಡ ನೋಡಿಕೊಂಡು, ನಿಮಿಷಕ್ಕೆ 450 ಲೀಟರ್ ಆಸುಪಾಸು ಹೋಗುತ್ತದೆ.

ಕಿರಿಯ: ಅಂದರೆ ಹತ್ತು ನಿಮಿಷ.

ಹಿರಿಯ: ಎರಡು ಧಾರೆ ಬಿಟ್ಟರೆ ಐದೇ ನಿಮಿಷ. ಆಮೇಲೆ ಗಾಡಿ ಹೋಗಿ ತುಂಬಿಕೊಂಡು ಬರುವವರೆಗೆ ಬೆಂಕಿ ನಿನ್ನನ್ನು ಕಾಯುವುದಿಲ್ಲ. ಐದು ನಿಮಿಷದಲ್ಲಿ ಆರಿಸಿದಷ್ಟನ್ನೂ ಅದು ವಾಪಸ್ ತೆಗೆದುಕೊಳ್ಳುತ್ತದೆ. ಹಾಗಾಗಿ ನೀನು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನನ್ನ ಹತ್ತು ನಿಮಿಷವನ್ನು ಎಲ್ಲಿ ಖರ್ಚು ಮಾಡಲಿ? ಒಂದು ಕೋಣೆಯ ಬೆಂಕಿಗೆ ಹೋಸ್ ರೀಲ್ ಸಾಕು, ಅದು ಕುಡಿಯುವುದು ತೀರಾ ಕಡಿಮೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,700 ಲೀಟರಿನಷ್ಟು ಹಬ್ಬುತ್ತದೆ, ಹೋಗುವಾಗ ಅಪಾರ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಹಾಗಾಗಿ ಮುಚ್ಚಿದ ಕೋಣೆಯಲ್ಲಿ ತುಂತುರಾಗಿ ಬಿಟ್ಟ ನೀರು ಮಾಡುವ ಕೆಲಸವನ್ನು ಚರಂಡಿಗೆ ಹರಿದು ಹೋಗುವ ನೀರು ಮಾಡುವುದಿಲ್ಲ. ಬಾಗಿಲಲ್ಲಿ ಕಪ್ಪುನೀರು ಹೊಳೆಯಾಗಿ ಹರಿಯುತ್ತಿದ್ದರೆ ನಿನ್ನ ಬ್ರಾಂಚ್‌ಮನ್ ಬೆಂಕಿಯ ಬುಡ ಕಂಡಿಲ್ಲ ಎಂದರ್ಥ.

ಕಿರಿಯ: ದೊಡ್ಡ ಬೆಂಕಿಯಾದರೆ?

ಹಿರಿಯ: ಉರಿಯುತ್ತಿರುವುದರ ಆಸೆ ಬಿಟ್ಟು, ಇನ್ನೂ ಉರಿಯದೆ ಇರುವುದನ್ನು ಕಾಪಾಡು. ಹಳ್ಳಿಯಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಿದೆ ಎಂದುಕೋ. ರಾಗಿ ಹುಲ್ಲಿನ ಬಣವೆಯ ಮೇಲೆ ಇಡೀ ಟ್ಯಾಂಕು ಸುರಿದರೂ ಮೇಲಿನ ಒಂದಡಿ ನೆನೆಯುತ್ತದೆ, ಒಳಗಿನ ಕೆಂಡ ಮಾರನೇ ದಿನವೂ ಇರುತ್ತದೆ. ಆ ಬಣವೆ ಹೋಯಿತು ಎಂದು ರೈತನಿಗೆ ಹೇಳುವುದು ಕಷ್ಟ. ಅವನ ದನಗಳ ವರ್ಷದ ಮೇವು ಅದು. ಆದರೂ ಹೇಳಬೇಕು. ನೀರನ್ನು ಪಕ್ಕದ ಬಣವೆಗೆ, ಕೊಟ್ಟಿಗೆಯ ಸೂರಿಗೆ ಹಾಕಬೇಕು. ಜೆಸಿಬಿ ತರಿಸಿ ಉರಿಯುವ ಬಣವೆಯನ್ನು ಬಿಡಿಸಿ, ಹರಡಿ, ಸ್ವಲ್ಪ ಸ್ವಲ್ಪವೇ ನೆನೆಸಬೇಕು. ಬಣವೆಯ ಬೆಂಕಿಗೆ ನಿಜವಾದ ಆಯುಧ ಜೆಸಿಬಿ.

ಕಿರಿಯ: ನೀರಿನ ಮೂಲಗಳ ಪಟ್ಟಿ ಠಾಣೆಯಲ್ಲಿ ಇರಬೇಕು ಅಲ್ಲವೇ?

ಹಿರಿಯ: ಇರಬೇಕು, ಅದು ಈ ವರ್ಷದ ಪಟ್ಟಿಯಾಗಿರಬೇಕು. ನಮ್ಮದು ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ. ಗೌರಿಬಿದನೂರಿನ ಉತ್ತರ ಪಿನಾಕಿನಿಯನ್ನು ನಂಬಿ ಸಕ್ಷನ್ ಪೈಪು ಬಿಡಲು ಆಗುವುದಿಲ್ಲ. ಆದರೆ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಶುದ್ಧೀಕರಿಸಿದ ಕೊಳಚೆ ನೀರು ಬರಲು ಶುರುವಾದ ಮೇಲೆ ಚಿಕ್ಕಬಳ್ಳಾಪುರದ ಕಂದವಾರ ಕೆರೆಯಂಥ ಕೆರೆಗಳಿಗೆ ಜೀವ ಬಂತು. ಅದರ ರಾಜಕೀಯ ಏನೇ ಇರಲಿ, ಅಗ್ನಿಶಾಮಕನಿಗೆ ಅದು ತುಂಬಿದ ತೊಟ್ಟಿ. ಪ್ರತಿ ಕೆರೆಯಲ್ಲೂ ಗಾಡಿ ಎಲ್ಲಿಯವರೆಗೆ ಇಳಿಯುತ್ತದೆ, ಅಲ್ಲಿಂದ ನೀರಿಗೆ ಎಷ್ಟು ಆಳ ಎಂದು ನೋಡಿಟ್ಟುಕೋ. ಪಂಪು ಏಳು ಮೀಟರಿಗಿಂತ ಕೆಳಗಿನ ನೀರನ್ನು ಎಳೆಯಲು ಒದ್ದಾಡುತ್ತದೆ.

ಕಿರಿಯ: ಕೃಷಿ ಹೊಂಡಗಳು?

ಹಿರಿಯ: ಅದನ್ನೇ ಹೇಳಲು ಹೊರಟಿದ್ದೆ. ದ್ರಾಕ್ಷಿ, ಹೂವು, ಟೊಮೆಟೊ ಬೆಳೆಯುವ ಕಡೆಯೆಲ್ಲ ಈಗ ಪ್ಲಾಸ್ಟಿಕ್ ಹಾಸಿದ ಹೊಂಡಗಳಿವೆ. ಸಣ್ಣ ಪೋರ್ಟಬಲ್ ಪಂಪು ಇಳಿಸಿದರೆ ನಿನ್ನ ಟ್ಯಾಂಕು ಹೊಲದಲ್ಲೇ ತುಂಬುತ್ತದೆ. ಪ್ಲಾಸ್ಟಿಕ್ ಜಾರುತ್ತದೆ, ಹುಡುಗನಿಗೆ ಹಗ್ಗ ಕಟ್ಟಿಯೇ ಇಳಿಸು. 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆ ಬೆಂಕಿಯ ಸ್ಥಳದಲ್ಲಿ ನಿನಗೆ ದೊಡ್ಡ ಅಧಿಕಾರ ಕೊಟ್ಟಿದೆ. ಅಡ್ಡಿಯಾದವರನ್ನು ಸರಿಸಬಹುದು, ಬೀದಿ ಮುಚ್ಚಬಹುದು, ಹೋಸ್ ಒಯ್ಯಲು ಗೋಡೆ ಒಡೆಯಬಹುದು, ಬಾವಿ ಕೆರೆ ತೊಟ್ಟಿ ಯಾರದ್ದೇ ಆದರೂ ನೀರು ತೆಗೆದುಕೊಳ್ಳಬಹುದು. ಆದರೆ ಕೊಳವೆಬಾವಿ ಸಾವಿರ ಅಡಿ ಇಳಿದರೂ ನೀರು ಸಿಗದ ಊರಿನಲ್ಲಿ ಹೊಂಡದ ನೀರು ಎಂದರೆ ಆ ರೈತನ ಬೆಳೆ. ಅಧಿಕಾರ ತೋರಿಸುವ ಮೊದಲೇ ಅವನ ಪರಿಚಯ ಮಾಡಿಕೊಂಡಿರು. ಊರೂರಿನ ಟ್ರ್ಯಾಕ್ಟರ್ ಟ್ಯಾಂಕರ್ ಮಾಲೀಕರ ಫೋನ್ ನಂಬರು ಬರೆದಿಟ್ಟುಕೋ. ಮದುವೆಗೆ, ಬೇಸಿಗೆಗೆ ನೀರು ಹೊಡೆಯುವ ಅದೇ ಟ್ಯಾಂಕರುಗಳು ಸರದಿಯಲ್ಲಿ ಬಂದು ಸುರಿದರೆ ನಿನ್ನ ಹತ್ತು ನಿಮಿಷ ಒಂದು ಗಂಟೆಯಾಗುತ್ತದೆ.

ಕಿರಿಯ: ಎರಡನೇ ಗಾಡಿ ಬೇಕಾದರೆ ಗೌರಿಬಿದನೂರಿಗೆ ಚಿಕ್ಕಬಳ್ಳಾಪುರದ ಗಾಡಿ ಮಂಚೇನಹಳ್ಳಿ ದಾಟಿ ಬರಬೇಕು.

ಹಿರಿಯ: ಹಿಂದೂಪುರ ಅದಕ್ಕಿಂತ ಹತ್ತಿರ, ಆದರೆ ಅದು ಆಂಧ್ರ. ಬೆಂಕಿಗೆ ಗಡಿ ಗೊತ್ತಿಲ್ಲ, ಕಾಗದಕ್ಕೆ ಗೊತ್ತು. ಮೇಲಧಿಕಾರಿಗಳ ಮೂಲಕ ಆ ಕಡೆಯವರೊಂದಿಗೆ ಮೊದಲೇ ಮಾತಾಡಿಕೊಂಡಿರಬೇಕು. ಎರಡನೇ ಗಾಡಿ ಬೇಕೋ ಬೇಡವೋ ಎಂಬ ಅನುಮಾನ ಬಂದರೆ ಕರೆದೇ ಬಿಡು. ಬೇಡವಾದರೆ ಅರ್ಧ ದಾರಿಯಿಂದ ವಾಪಸ್ ಕಳಿಸಬಹುದು. ಕರೆಯದೆ ಇದ್ದ ಗಾಡಿಗಾಗಿ ಮುಕ್ಕಾಲು ಗಂಟೆ ಕಾಯುವ ಪಾಡು ಯಾವ ಅಧಿಕಾರಿಗೂ ಬೇಡ.

ಕಿರಿಯ: ನಿಮ್ಮ ಶಿಡ್ಲಘಟ್ಟಕ್ಕೆ ಬರೋಣ ಸಾರ್. ಈ ಓಣಿಗಳಲ್ಲಿ ನಮ್ಮ ಗಾಡಿ ತಿರುಗುವುದೇ ಇಲ್ಲ.

ಹಿರಿಯ: ತಿರುಗಿಸಲು ಹೋಗಲೂಬೇಡ. ಓಣಿಗೆ ನುಗ್ಗಿದ ಗಾಡಿ ಸಿಕ್ಕಿಕೊಂಡರೆ ಹಿಂದೆ ಬರುವ ಗಾಡಿಗೂ ದಾರಿ ಹೋಯಿತು. ಬಾಯಿಯಲ್ಲೇ ನಿಲ್ಲಿಸಿ ಹೋಸ್ ಮೇಲೆ ಹೋಸ್ ಜೋಡಿಸು. ಇಲ್ಲಿನ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳನ್ನು ಒಳಗೆ ಹೋಗಿ ನೋಡಿದ್ದೀಯಾ?

ಕಿರಿಯ: ರೇಷ್ಮೆಗೂಡಿನ ಮಾರುಕಟ್ಟೆ ನೋಡಿದ್ದೇನೆ. ಘಟಕದ ಒಳಗೆ ಹೋಗಿಲ್ಲ.

ಹಿರಿಯ: ಈ ವಾರವೇ ಹೋಗು. ಬಾಯ್ಲರ್, ಅದರ ಪಕ್ಕದಲ್ಲೇ ಸೌದೆ, ಮೇಲೆ ಅಟ್ಟದಲ್ಲಿ ಒಣಗಿದ ಗೂಡಿನ ಮೂಟೆ, ಎಷ್ಟೋ ಕಡೆ ಅದೇ ಮಾಳಿಗೆಯಲ್ಲಿ ಸಂಸಾರ. ಜನ ರೇಷ್ಮೆ ಧಗಧಗ ಉರಿಯುತ್ತದೆ ಎಂದುಕೊಂಡಿದ್ದಾರೆ. ರೇಷ್ಮೆ ಉಣ್ಣೆಯ ಜಾತಿ. ಸುಲಭಕ್ಕೆ ಜ್ವಾಲೆ ಹಿಡಿಯುವುದಿಲ್ಲ, ಸುಟ್ಟು ಮುದುಡುತ್ತದೆ. ಹೊತ್ತಿಕೊಳ್ಳುವುದು ಸೌದೆ, ಗೋಣಿ, ವೈರು. ಆದರೆ ರೇಷ್ಮೆಯಲ್ಲಿ ಸಾರಜನಕ ಇದೆ. ಅದು ಬಿಸಿಗೆ ಬೆಂದಾಗ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಬೆಂಕಿ ಸಣ್ಣದು, ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡು ಹೋಗಿ ಬರುತ್ತೇನೆ ಎನ್ನುವ ಹುಡುಗನನ್ನು ತಡೆಯಬೇಕಾದವನು ನೀನೇ. ಬಿಎ ಸೆಟ್ ಇಲ್ಲದೆ ಒಳಗೆ ಕಾಲಿಡಬಾರದು.

ಕಿರಿಯ: ಹಳ್ಳಿಯ ರೇಷ್ಮೆ ಹುಳುಮನೆಗಳಲ್ಲಿ?

ಹಿರಿಯ: ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ರಾಶಿ ಬಿದ್ದಿರುತ್ತವೆ. ಒಣಬಿದಿರು ಸಿಡಿಯುತ್ತಾ ಉರಿಯುತ್ತದೆ. ಮೂಲೆಯಲ್ಲಿ ಸೋಂಕು ನಿವಾರಣೆಗೆ ತಂದ ಬ್ಲೀಚಿಂಗ್ ಪೌಡರ್ ಚೀಲ, ಫಾರ್ಮಲಿನ್ ಕ್ಯಾನು ಇರುತ್ತವೆ. ಬಿಸಿಯಾದ ಬ್ಲೀಚಿಂಗ್ ಪೌಡರ್ ಕ್ಲೋರಿನ್ ಬಿಡುತ್ತದೆ. ಒಳಗೆ ಏನಿದೆ ಎಂದು ಕೇಳು ಎಂದದ್ದು ಇದಕ್ಕೇ. ಬೆಸ್ಕಾಂನವರಿಂದ ವಿದ್ಯುತ್ ಲೈನು ತೆಗೆಸಿದ ಖಾತರಿ ಸಿಗುವವರೆಗೆ ನೀರಿನ ಧಾರೆ ಬೇಡ. ಅಡುಗೆ ಮನೆಯಲ್ಲಿ 14.2 ಕಿಲೋ ಸಿಲಿಂಡರಿನ ಬಾಯಲ್ಲಿ ಜ್ವಾಲೆ ಏಳುತ್ತಿದ್ದರೆ, ವಾಲ್ವ್ ಮುಚ್ಚಲು ಆಗದಿದ್ದ ಪಕ್ಷದಲ್ಲಿ ಅದನ್ನು ಆರಿಸಬಾರದು. ಆರಿದ ಜ್ವಾಲೆಯ ಗ್ಯಾಸ್ ಕೋಣೆ ತುಂಬಿ ಇನ್ನೊಂದು ಕಿಡಿಗೆ ಕಾಯುತ್ತದೆ. ಸಿಲಿಂಡರಿನ ಮೈಯನ್ನು ತಣಿಸುತ್ತಾ ಇರು, ಉರಿದು ಮುಗಿಯಲಿ.

ಕಿರಿಯ: ಗೌರಿಬಿದನೂರಿನ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು ಇದಕ್ಕೆ ತದ್ವಿರುದ್ಧ. ಜಾಗ ವಿಶಾಲ, ರಸ್ತೆ ಅಗಲ.

ಹಿರಿಯ: ಅಲ್ಲಿನ ಅಪಾಯ ತಲೆಯ ಮೇಲಿದೆ. ಉಕ್ಕಿನ ಟ್ರಸ್ಸು 550 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಬಟ್ಟೆ, ನೂಲು, ಪ್ಲಾಸ್ಟಿಕ್ ತುಂಬಿದ ಶೆಡ್ಡಿನಲ್ಲಿ ಆ ಬಿಸಿ ಬೇಗ ಬರುತ್ತದೆ. ಅಲ್ಲಿ ನೀನು ಮಾಡಬೇಕಾದ ತೀರ್ಮಾನ ಒಂದೇ: ಒಳಗೆ ಹೋಗಿ ಹೊಡೆಯುವುದೋ, ಹೊರಗೆ ನಿಂತು ಕಾಯುವುದೋ. ಒಳಗೆ ಜೀವ ಇದ್ದು ಉಳಿಸುವ ಸಾಧ್ಯತೆ ಇದ್ದರೆ ಲೆಕ್ಕ ಹಾಕಿ ಅಪಾಯಕ್ಕೆ ಇಳಿಯಬಹುದು. ಕೆಲಸಗಾರರೆಲ್ಲ ಹೊರಗೆ ಬಂದು ಲೆಕ್ಕ ಸಿಕ್ಕಿದ ಮೇಲೆ ಬಟ್ಟೆಯ ಥಾನುಗಳಿಗಾಗಿ ನಿನ್ನ ಹುಡುಗನೊಬ್ಬ ಸಾಯಬೇಕಾಗಿಲ್ಲ. ಹೊರಗೆ ನಿಲ್ಲುವುದು ಎಂದು ತೀರ್ಮಾನಿಸಿದರೆ ಗೋಡೆಯ ಎತ್ತರದ ಒಂದೂವರೆಯಷ್ಟು ದೂರದಲ್ಲಿ ಎಲ್ಲರನ್ನೂ ಇಡು. ಎರಡನ್ನೂ ಬೆರೆಸಬೇಡ. ಹೊರಗಿನಿಂದ ದೊಡ್ಡ ಧಾರೆ ಬಿಡುತ್ತಾ ಒಳಗೆ ನಾಲ್ವರನ್ನು ಕಳಿಸಿದರೆ ಬಿಸಿ ಹೊಗೆಯನ್ನೆಲ್ಲ ನೀನೇ ಅವರ ಮೇಲೆ ನೂಕಿದ ಹಾಗೆ.

ಕಿರಿಯ: ಮುಂಬೈಯ ಕಾಲ್ಬಾದೇವಿಯ ಬೆಂಕಿಯನ್ನು ಪಾಠದಲ್ಲಿ ಹೇಳಿದ್ದರು. 2015ರ ಮೇ 9.

ಹಿರಿಯ: ಹಳೆಯ ಕಟ್ಟಡ. ವಾಸವಿದ್ದವರನ್ನು ಹೊರಗೆ ತಂದಿದ್ದರು. ಆಮೇಲೆ ಕಟ್ಟಡ ಕುಸಿಯಿತು. ಮುಖ್ಯ ಅಗ್ನಿಶಾಮಕ ಅಧಿಕಾರಿಯೂ ಸೇರಿ ನಾಲ್ವರು ಹಿರಿಯ ಅಧಿಕಾರಿಗಳನ್ನು ಮುಂಬೈ ಕಳೆದುಕೊಂಡಿತು. ಅವರು ಮುಂದೆ ನಿಂತು ದುಡಿಯುವ ಧೀರರು, ಅವರ ಬಗ್ಗೆ ನನಗೆ ಅಪಾರ ಗೌರವ. ಆ ಗೌರವದಿಂದಲೇ ಹೇಳುತ್ತೇನೆ, ಒಳಗೆ ಹೋದವರ ಹೆಸರು, ಹೋದ ಹೊತ್ತು, ಬಿಎ ಸೆಟ್ಟಿನ ಸಿಲಿಂಡರಿನಲ್ಲಿದ್ದ ಒತ್ತಡ ಇವನ್ನು ಹೊರಗೆ ಒಬ್ಬ ಬರೆದುಕೊಳ್ಳಲೇಬೇಕು. ಅಧಿಕಾರಿ ಒಳಗೆ ಹೋದರೆ ಅವನ ಹೆಸರನ್ನೂ ಬರೆಯಬೇಕು. ವಾಪಸ್ ಬನ್ನಿ ಎಂಬ ಸಂಕೇತ ಯಾವುದು ಎಂದು ಮೊದಲೇ ಹೇಳಿರಬೇಕು. ಆ ಸಂಕೇತ ಬಂದ ಮೇಲೆ ಇನ್ನೊಂದು ಬಕೆಟ್ಟಿನಷ್ಟು ಬೆಂಕಿ ಉಳಿದಿದೆ ಎಂದು ಯಾರೂ ನಿಲ್ಲಬಾರದು.

ಕಿರಿಯ: ನಮ್ಮ ಹಿರಿಯ ಅಧಿಕಾರಿ ಬಂದರೆ ಕಮಾಂಡ್ ಅವರದೇ ಆಗುತ್ತದೆಯೇ? ತಹಶೀಲ್ದಾರರು, ಪೊಲೀಸರು, ಶಾಸಕರು ಎಲ್ಲ ಬಂದು ನಿಂತಾಗ ಯಾರ ಮಾತು ನಡೆಯಬೇಕು?

ಹಿರಿಯ: ಈ ಪ್ರಶ್ನೆಗೆ ನಮ್ಮ ದೇಶ ತೆತ್ತ ಬೆಲೆ ನಿನಗೆ ಗೊತ್ತು. ಪ್ರತಿ ವರ್ಷ ಏಪ್ರಿಲ್ 14ಕ್ಕೆ ನಾವು ಮೌನ ಆಚರಿಸುವುದು ಆ ದಿನಕ್ಕೇ.

ಕಿರಿಯ: 1944ರ ಮುಂಬೈ ಬಂದರಿನ ಸ್ಫೋಟ. ಫೋರ್ಟ್ ಸ್ಟಿಕಿನ್ ಹಡಗು.

ಹಿರಿಯ: ಅದರಲ್ಲಿ ಸುಮಾರು 1,400 ಟನ್ ಸ್ಫೋಟಕ, ಜೊತೆಗೆ ಕರಾಚಿಯಲ್ಲಿ ತುಂಬಿದ ಹತ್ತಿಯ ಬೇಲು. ಮಧ್ಯಾಹ್ನ ಸರಕು ತುಂಬುವ ಎರಡನೇ ಹೋಲ್ಡಿನಲ್ಲಿ ಹೊಗೆ ಕಂಡಿತು. ಅಗ್ನಿಶಾಮಕರು ಬಂದರು, 900 ಟನ್ನಿಗೂ ಹೆಚ್ಚು ನೀರು ಸುರಿದರು. ಬೆಂಕಿಯ ಬುಡ ಎಲ್ಲಿದೆ ಎಂದು ಹೊಗೆಯಲ್ಲಿ ಕಾಣಲಿಲ್ಲ. ದಕ್ಕೆಯ ಮೇಲೆ ಹಡಗಿನ ಕ್ಯಾಪ್ಟನ್ ಇದ್ದರು, ಬಂದರಿನ ಅಧಿಕಾರಿಗಳಿದ್ದರು, ಸೇನೆಯ ಸ್ಫೋಟಕ ತಜ್ಞರಿದ್ದರು, ಅಗ್ನಿಶಾಮಕ ದಳದ ಮುಖ್ಯಸ್ಥರಿದ್ದರು. ಹಡಗನ್ನು ಮುಳುಗಿಸಬೇಕೇ, ಎಳೆದು ಹೊರಸಮುದ್ರಕ್ಕೆ ಒಯ್ಯಬೇಕೇ, ಅಲ್ಲೇ ನಿಂತು ಆರಿಸಬೇಕೇ? ಒಬ್ಬೊಬ್ಬರು ಒಂದೊಂದು ಹೇಳಿದರು. ಇದೇ ಆಗಲಿ ಎಂದು ಆಜ್ಞೆ ಕೊಡುವ ಅಧಿಕಾರ ಒಬ್ಬರಲ್ಲಿ ಇರಲಿಲ್ಲ. ಎರಡು ಗಂಟೆ ಹಾಗೆ ಕಳೆಯಿತು. 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. 66 ಅಗ್ನಿಶಾಮಕರು ಸತ್ತರು. ಊರಿನಲ್ಲಿ ಸತ್ತವರು ಎಂಟುನೂರಕ್ಕೂ ಮೇಲೆ. ಅವರ ನೀರು ಕಡಿಮೆಯಾಗಿರಲಿಲ್ಲ, ಧೈರ್ಯ ಕಡಿಮೆಯಾಗಿರಲಿಲ್ಲ. ತೀರ್ಮಾನ ಮಾಡುವವನು ಒಬ್ಬ ಇರಲಿಲ್ಲ.

ಕಿರಿಯ: ಕ್ಯಾಲಿಫೋರ್ನಿಯಾದಲ್ಲೂ ಇಂಥದ್ದರಿಂದಲೇ ಈ ಕಮಾಂಡ್ ವ್ಯವಸ್ಥೆ ಹುಟ್ಟಿತಂತೆ. 1970ರ ಕಾಳ್ಗಿಚ್ಚಿನಲ್ಲಿ ಹದಿಮೂರು ದಿನದಲ್ಲಿ 16 ಜನ ಸತ್ತರು. ಹತ್ತಾರು ಇಲಾಖೆಗಳು ಬಂದಿದ್ದವು, ಒಬ್ಬರ ರೇಡಿಯೋ ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ, ಒಂದೇ ಕೆಲಸಕ್ಕೆ ಒಬ್ಬೊಬ್ಬರದು ಒಂದೊಂದು ಹೆಸರು. ಅದಾದ ಮೇಲೆ ಕೂತು ಎಲ್ಲರಿಗೂ ಒಂದೇ ಚೌಕಟ್ಟು ಮಾಡಿದರು. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಅದನ್ನು ನಮ್ಮ ಆಡಳಿತಕ್ಕೆ ಹೊಂದಿಸಿ ಮಾರ್ಗಸೂಚಿ ಕೊಟ್ಟಿದೆ. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಹೊಣೆಗಾರರು.

ಹಿರಿಯ: ದೊಡ್ಡ ದುರಂತಕ್ಕೆ ಅದು. ದಿನನಿತ್ಯದ ಬೆಂಕಿಗೂ ಅದರ ತಿರುಳು ಅದೇ. ಮದುವೆ ಮನೆಯಲ್ಲಿ ನಾಲ್ಕು ಜನ ಯಜಮಾನರಾದರೆ ಪಂಕ್ತಿಗೆ ಕೂತವರಿಗೆ ಅನ್ನ ಬರುವುದಿಲ್ಲ. ಹಿರಿಯ ಅಧಿಕಾರಿ ಬಂದ ಮಾತ್ರಕ್ಕೆ ಕಮಾಂಡ್ ತಾನಾಗಿ ಬದಲಾಗುವುದಿಲ್ಲ. ನೀನು ಅವರ ಎದುರು ನಿಂತು ವಿವರ ಕೊಡಬೇಕು. ಯಾರು ಎಲ್ಲಿದ್ದಾರೆ, ಏನು ಮಾಡಿದ್ದೀರಿ, ನೀರೆಷ್ಟಿದೆ. ಅವರು ಕೇಳಿಕೊಂಡು, ಇನ್ನು ಮುಂದೆ ನನ್ನದು ಎಂದು ಹೇಳಬೇಕು. ಅದನ್ನು ರೇಡಿಯೋದಲ್ಲಿ ಎಲ್ಲರಿಗೂ ತಿಳಿಸಬೇಕು. ಅಲ್ಲಿಯವರೆಗೆ ಅವರು ನೇರವಾಗಿ ನಿನ್ನ ಬ್ರಾಂಚ್‌ಮನ್‌ಗೆ ಆಜ್ಞೆ ಕೊಡಬಾರದು. ಒಬ್ಬನ ಕೈಕೆಳಗೆ ಐದು ಜನಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡ, ಏಳು ದಾಟಲೇಬಾರದು. ದಾಟಿದರೆ ಹಿಂದಿನ ಬದಿ ಒಬ್ಬನಿಗೆ, ನೀರಿನ ಹೊಣೆ ಒಬ್ಬನಿಗೆ ಎಂದು ಹಂಚಿಬಿಡು. ಜನಪ್ರತಿನಿಧಿಗಳು ಬಂದರೆ ಗೌರವದಿಂದ ಒಂದು ಕಡೆ ನಿಲ್ಲಿಸಿ, ಹತ್ತು ನಿಮಿಷಕ್ಕೊಮ್ಮೆ ವಿಷಯ ತಿಳಿಸಲು ಒಬ್ಬನನ್ನು ಇಡು. ಸುದ್ದಿ ಸಿಗದವರು ಒಳಗೆ ನುಗ್ಗುತ್ತಾರೆ, ಸಿಕ್ಕವರು ಕಾಯುತ್ತಾರೆ.

ಕಿರಿಯ: ಸ್ಫೋಟಕ ಎಂದಾಗ ನಮ್ಮ ಹಿರೇನಾಗವಲ್ಲಿ ನೆನಪಾಗುತ್ತದೆ.

ಹಿರಿಯ: ಪೆರೇಸಂದ್ರದ ಕಡೆಯ ಊರು. ಶಿವಮೊಗ್ಗದ ಹುಣಸೋಡಿನಲ್ಲಿ ಕಲ್ಲುಗಣಿಯ ಜಿಲೆಟಿನ್ ಸಿಡಿದು ಒಂದು ತಿಂಗಳಾಗಿತ್ತು ಅಷ್ಟೇ. 2021ರ ಫೆಬ್ರವರಿ 22ರ ರಾತ್ರಿ ಕಳೆದು 23 ಹುಟ್ಟುವ ಹೊತ್ತಿನಲ್ಲಿ, ಅಕ್ರಮವಾಗಿ ಇಟ್ಟಿದ್ದ ಜಿಲೆಟಿನ್ ಕಡ್ಡಿಗಳನ್ನು ಸಾಗಿಸುವಾಗ ಸಿಡಿದು ಆರು ಜನ ಸತ್ತರು. ಅಂಥ ಕರೆ ಬಂದಾಗ ನಮ್ಮ ರಕ್ತದಲ್ಲಿರುವ ಓಟವನ್ನೇ ತಡೆಯಬೇಕಾಗುತ್ತದೆ. ಕತ್ತಲು. ಏನು ಸಿಡಿದಿದೆ, ಏನು ಸಿಡಿಯದೆ ಬಿದ್ದಿದೆ, ಗೊತ್ತಿಲ್ಲ. ಎಲೆಕ್ಟ್ರಿಕ್ ಡಿಟೋನೇಟರುಗಳು ಇದ್ದರೆ ಹತ್ತಿರದಲ್ಲಿ ವಾಕಿಟಾಕಿ, ಮೊಬೈಲ್ ಬಳಸುವುದೂ ಅಪಾಯ. ಜನರನ್ನು ದೂರ ಸರಿಸಿ, ಬಾಂಬ್ ನಿಷ್ಕ್ರಿಯ ದಳ ಬಂದು ನೋಡುವವರೆಗೆ ಉಳಿದವರನ್ನು ಒಳಗೆ ಬಿಡದೆ ಇರುವುದೇ ಅಲ್ಲಿ ದೊಡ್ಡ ಕೆಲಸ. ಗಾಯಾಳು ನರಳುವುದು ಕೇಳಿದರೆ ಹೋಗುವವರು ಇಬ್ಬರೇ, ಬಂದ ಹೆಜ್ಜೆಯಲ್ಲೇ ವಾಪಸ್.

ಕಿರಿಯ: ಸ್ಫೋಟಕ ತುಂಬಿದ ವಾಹನಕ್ಕೆ ಬೆಂಕಿ ತಗುಲಿದ್ದರೆ?

ಹಿರಿಯ: ಟೈರಿಗೋ ಎಂಜಿನ್ನಿಗೋ ಹಿಡಿದಿದ್ದರೆ ತಣಿಸಬಹುದು. ಸರಕಿಗೆ ಮುಟ್ಟಿದ ಮೇಲೆ ನೀರು ಹಾಕಬಾರದು. 1,600 ಮೀಟರ್ ಸುತ್ತ ಖಾಲಿ ಮಾಡಿಸಿ ಸುಮ್ಮನೆ ಬಿಡಬೇಕು. ಅಗ್ನಿಶಾಮಕನಿಗೆ ಓಡಿಹೋಗು ಎಂದು ಹೇಳುವ ಪಾಠ ಬೇರೆ ಇಲ್ಲ, ಇದೊಂದೇ. ಇಲ್ಲಿ ಕಲ್ಲುಗಣಿಗಳು ಬೇಕಾದಷ್ಟಿವೆ. ಪರವಾನಗಿ ಇರುವ ಮದ್ದಿನ ಮನೆಗಳು ಎಲ್ಲಿವೆ ಎಂದು ಪೊಲೀಸರ ಹತ್ತಿರ, ಗಣಿ ಇಲಾಖೆಯ ಹತ್ತಿರ ಕೇಳಿ ನಕ್ಷೆಯಲ್ಲಿ ಗುರುತು ಹಾಕಿಕೋ.

ಕಿರಿಯ: ಬೇಸಿಗೆಯಲ್ಲಿ ನಂದಿ, ಸ್ಕಂದಗಿರಿ ಕಡೆಯ ಹುಲ್ಲಿನ ಬೆಂಕಿಯೂ ಇದೆ.

ಹಿರಿಯ: ಅದು ಅರಣ್ಯ ಇಲಾಖೆಯವರ ನೆಲ. ಅವರ ಮಾತು ಕೇಳಿ ಅವರ ಕೈಕೆಳಗೆ ಕೆಲಸ ಮಾಡು. ಒಂದು ಮಾತು ಮರೆಯಬೇಡ. ಬೆಂಕಿ ಏರುದಾರಿಯಲ್ಲಿ ಓಡುತ್ತದೆ, ಇಳಿಜಾರು ಹತ್ತು ಡಿಗ್ರಿ ಹೆಚ್ಚಾದರೆ ವೇಗ ಸುಮಾರು ಎರಡು ಪಟ್ಟು. ಬೆಂಕಿಯ ಮೇಲ್ಗಡೆ ಯಾರನ್ನೂ ನಿಲ್ಲಿಸಬಾರದು. ಸುಟ್ಟು ಕರಿಯಾದ ನೆಲವೇ ನಿನ್ನವರಿಗೆ ಆಸರೆ. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಕಾಳ್ಗಿಚ್ಚು ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟಗಾಯದಿಂದ ಸತ್ತರು.

ಕಿರಿಯ: ಇದನ್ನೆಲ್ಲ ಬೆಂಕಿಯ ಮುಂದೆ ನಿಂತು ನೆನಪಿಸಿಕೊಳ್ಳಲು ಆಗುತ್ತದೆಯೇ ಸಾರ್?

ಹಿರಿಯ: ಆಗುವುದಿಲ್ಲ. ಬೆಂಕಿಯ ಮುಂದೆ ಮನುಷ್ಯ ಹೊಸದಾಗಿ ಯೋಚಿಸುವುದು ತೀರಾ ಕಡಿಮೆ. ಮೊದಲೇ ಯೋಚಿಸಿಟ್ಟದ್ದನ್ನು ಮಾಡುತ್ತಾನೆ. ಹಾಗಾಗಿ ಬೆಂಕಿ ಇಲ್ಲದ ದಿನಗಳೇ ನಿನ್ನ ನಿಜವಾದ ಕೆಲಸದ ದಿನಗಳು. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ಬರುತ್ತದೆ. ಶಾಲೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಪ್ರಾತ್ಯಕ್ಷಿಕೆ ಕೊಡು, ಒಳ್ಳೆಯದು. ಅದರ ಜೊತೆಗೆ ಒಂದು ಮಧ್ಯಾಹ್ನ ತಹಶೀಲ್ದಾರರು, ಪೊಲೀಸ್ ಇನ್ಸ್‌ಪೆಕ್ಟರ್, ಬೆಸ್ಕಾಂ, ನಗರಸಭೆ, ಆಸ್ಪತ್ರೆಯವರು, ನೂಲು ಬಿಚ್ಚುವ ರೀಲರುಗಳು, ಕಾರ್ಖಾನೆಯವರು, ಟ್ಯಾಂಕರ್ ಮಾಲೀಕರು ಎಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸು. ಗೂಡಿನ ಮಾರುಕಟ್ಟೆಗೆ ಹರಾಜಿನ ಹೊತ್ತಿನಲ್ಲಿ ಬೆಂಕಿ ಬಿತ್ತು ಎಂದುಕೊಳ್ಳಿ, ಯಾರು ಏನು ಮಾಡುತ್ತೀರಿ ಎಂದು ಕೇಳು. ಗಾಡಿ ಯಾವ ಗೇಟಿನಿಂದ ಬರಬೇಕು, ಜನ ಯಾವ ಗೇಟಿನಿಂದ ಹೋಗಬೇಕು, ಲೈನು ತೆಗೆಯಲು ಯಾರಿಗೆ ಫೋನ್ ಮಾಡಬೇಕು, ಕೊನೆಯ ಮಾತು ಯಾರದು ಎಂಬುದು ಅಲ್ಲೇ ಇತ್ಯರ್ಥವಾಗಲಿ. ಬರೆದು ಎಲ್ಲರ ಸಹಿ ಹಾಕಿಸು.

ಕಿರಿಯ: ಸಾಮಾನ್ಯ ಜನರಿಗೆ?

ಹಿರಿಯ: ಅವರ ಹತ್ತಿರ ನಾನು ಕೈಮುಗಿದು ಕೇಳುವುದು ಇಷ್ಟು. 101ಕ್ಕೋ 112ಕ್ಕೋ ಕರೆ ಮಾಡುವಾಗ ಊರಿನ ಹೆಸರಿನ ಜೊತೆಗೆ ತಾಲ್ಲೂಕಿನ ಹೆಸರನ್ನೂ, ಹತ್ತಿರದ ಗುರುತನ್ನೂ ಹೇಳಿ. ಮುಖ್ಯರಸ್ತೆಯ ತಿರುವಿನಲ್ಲಿ ಒಬ್ಬರನ್ನು ನಿಲ್ಲಿಸಿ. ಓಣಿಯಲ್ಲಿರುವ ಬೈಕು, ಆಟೋ ತೆಗೆಸಿ. ಗಾಡಿ ಬಂದಾಗ ಅಧಿಕಾರಿಯ ಕೈಗೆ ಹೋಸ್ ತುರುಕಬೇಡಿ. ಮನೆ ಬಲ್ಲವರು ಒಬ್ಬರು ಮುಂದೆ ಬಂದು ಒಳಗೆ ಯಾರಿದ್ದಾರೆ, ಏನಿದೆ, ನೀರು ಎಲ್ಲಿದೆ ಎಂದು ಹೇಳಿ, ಅಧಿಕಾರಿಯನ್ನು ಎರಡು ನಿಮಿಷ ನೋಡಲು ಬಿಡಿ.